ಆಯಸ್ಕಾಂತಕ್ಕೆ ಗಣಿ ಒಂದೇ ದಾರಿಯಲ್ಲ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ವಾಹನಗಳಿಗೆ ಬೇಕಾದ ಆಯಸ್ಕಾಂತದ ಕೊರತೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಇಂಥ ಆಯಸ್ಕಾಂತಕ್ಕೆ ಬೆರೆಸುವ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ಲೋಹಗಳ ರಫ್ತಿಗೆ ಚೀನಾ 2025ರ ಏಪ್ರಿಲ್‌ನಲ್ಲಿ ಪರವಾನಗಿ ಕಡ್ಡಾಯ ಮಾಡಿತಲ್ಲ, ಆಮೇಲೆ ಇಂಥ ಬರಹಗಳು ಜಾಸ್ತಿಯಾಗಿವೆ. ಎಲ್ಲವೂ ಹೇಳುವ ಪರಿಹಾರ ಮಾತ್ರ ಒಂದೇ: ಹೊಸ ಗಣಿ ಹುಡುಕಿ. ಮೋಟಾರನ್ನೇ ಬೇರೆ ಥರ ಕಟ್ಟಬಹುದು, ಬೇರೆ ಥರ ಓಡಿಸಬಹುದು ಎಂಬ ಮಾತೇ ಬರುವುದಿಲ್ಲ. ಮೋಟಾರು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಇದು ಸ್ವಲ್ಪ ಬೇಸರದ ಸಂಗತಿ.

ಡಿಸ್ಪ್ರೋಸಿಯಂ ಯಾಕೆ ಬೇಕು ಎಂದು ಮೊದಲು ನೋಡೋಣ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಆಯಸ್ಕಾಂತಕ್ಕೆ ಶಕ್ತಿ ಬಹಳ, ಆದರೆ ಬಿಸಿ ಆಗಿಬರುವುದಿಲ್ಲ. ಮೋಟಾರು ಚೆನ್ನಾಗಿ ಕಾದಿರುವಾಗ ಸುರುಳಿಗಳ ಕಾಂತಕ್ಷೇತ್ರ ಎದುರಿನಿಂದ ಒತ್ತಿದರೆ ಅದರ ಶಕ್ತಿ ಕಾಯಮ್ಮಾಗಿ ಕುಗ್ಗಬಹುದು. ಹಾಗಾಗದಿರಲಿ ಎಂದು ಡಿಸ್ಪ್ರೋಸಿಯಂ ಬೆರೆಸುತ್ತಾರೆ. ಆಯಸ್ಕಾಂತ ಕೂತಿರುವ ರೋಟರ್, ಅಂದರೆ ಮೋಟಾರಿನ ತಿರುಗುವ ಭಾಗ, ತಂಪಾಗಿದ್ದರೆ ಅಷ್ಟು ಬೆರೆಸಬೇಕಾಗಿಲ್ಲ. ತಿರುಗುತ್ತಿರುವಾಗ ಅದಕ್ಕೆ ತಾಪಮಾಪಕ ಕಟ್ಟುವುದು ಕಷ್ಟ. ಹಾಗಾಗಿ ಕರೆಂಟು, ವೋಲ್ಟೇಜು ನೋಡಿ ಅದರ ಬಿಸಿಯನ್ನು ಲೆಕ್ಕದಲ್ಲೇ ಅಂದಾಜು ಮಾಡಿ, ಮಿತಿ ಮೀರುವ ಮೊದಲೇ ಕರೆಂಟು ಇಳಿಸಬೇಕು. ಇದು ಪೂರ್ತಿ ಸಾಫ್ಟ್‌ವೇರ್ ಕೆಲಸ. ಗಣಿ ತೋಡುವುದಕ್ಕಿಂತ ಅಗ್ಗ ಅಲ್ವಾ?

ಇನ್ನೊಂದು ವಿಚಿತ್ರ ಇದೆ. ವೇಗ ಹೆಚ್ಚಿದಂತೆ ಈ ಆಯಸ್ಕಾಂತವೇ ಹೊರೆಯಾಗುತ್ತದೆ. ಮೋಟಾರು ತಾನೇ ಹುಟ್ಟಿಸುವ ಎದುರು ವೋಲ್ಟೇಜು ಬ್ಯಾಟರಿಯ ವೋಲ್ಟೇಜಿಗೆ ಸಮವಾಗುತ್ತಾ ಬರುತ್ತದೆ. ಆಗ ಕಾಂತಕ್ಷೇತ್ರವನ್ನು ತಗ್ಗಿಸಲೆಂದೇ ಬೇರೆ ಕರೆಂಟು ಹರಿಸಬೇಕು. ದುಬಾರಿ ಆಯಸ್ಕಾಂತ ಕೊಂಡು, ಅದರ ಬಲ ಕುಗ್ಗಿಸಲು ಬ್ಯಾಟರಿ ಖರ್ಚು ಮಾಡುವುದು! ರೋಟರ್‌ನಲ್ಲಿ ಆಯಸ್ಕಾಂತದ ಬದಲು ತಾಮ್ರದ ಸುರುಳಿ ಇರುವ ಮೋಟಾರಿನಲ್ಲಿ ಈ ತಾಪತ್ರಯವಿಲ್ಲ. ರೋಟರ್‌ನ ಕರೆಂಟು ಇಳಿಸಿದರೆ ಆಯಿತು.

ಇವೇನೂ ಪ್ರಯೋಗಾಲಯದ ಕನಸುಗಳಲ್ಲ. ಟೆಸ್ಲಾದ 2012ರ ಮಾಡೆಲ್ ಎಸ್ ಓಡಿದ್ದು ಆಯಸ್ಕಾಂತವೇ ಇಲ್ಲದ ಇಂಡಕ್ಷನ್ ಮೋಟಾರಿನಲ್ಲಿ. ರೆನೊ ಜೋಯಿ, ಬಿಎಂಡಬ್ಲ್ಯು ಐಎಕ್ಸ್3 ಕಾರುಗಳು ಸುರುಳಿ ಸುತ್ತಿದ ರೋಟರನ್ನೇ ಆರಿಸಿಕೊಂಡವು. ಹಾಗಂತ ಆಯಸ್ಕಾಂತದ ಮೋಟಾರು ಕೆಟ್ಟದ್ದು ಎನ್ನುತ್ತಿಲ್ಲ. ಅದು ಗಾತ್ರದಲ್ಲಿ ಚಿಕ್ಕದು, ಊರೊಳಗಿನ ನಿಧಾನದ ಓಡಾಟದಲ್ಲಿ ವಿದ್ಯುತ್ ಉಳಿಸುತ್ತದೆ. ಟೆಸ್ಲಾ ಕೂಡ 2017ರ ಮಾಡೆಲ್ 3ರಲ್ಲಿ ಅದಕ್ಕೇ ಬಂತು.

ನನಗೆ ಹೆಚ್ಚು ಆಸೆ ಇರುವುದು ರಿಲಕ್ಟನ್ಸ್ ಮೋಟಾರಿನ ಮೇಲೆ. ಅದರ ರೋಟರ್ ಎಂದರೆ ಹಲ್ಲುಹಲ್ಲಾಗಿ ಕತ್ತರಿಸಿದ ಬರೀ ಉಕ್ಕಿನ ಹಾಳೆಗಳ ಜೋಡಣೆ; ಸುರುಳಿಗಳ ಕಾಂತಕ್ಷೇತ್ರ ಅದನ್ನು ಎಳೆದು ತಿರುಗಿಸುತ್ತದೆ. 1842ರಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ಡೇವಿಡ್‌ಸನ್ ಇದೇ ತತ್ವದ ಮೋಟಾರಿನಿಂದ ರೈಲು ಎಂಜಿನ್ ಓಡಿಸಿ ತೋರಿಸಿದ್ದ. ಕ್ಷಣಕ್ಷಣಕ್ಕೂ ಕರೆಂಟನ್ನು ತಿದ್ದುವ ಸ್ವಿಚ್ಚುಗಳು ಆಗ ಇರಲಿಲ್ಲ. ಈಗ ಸಿಲಿಕಾನ್ ಕಾರ್ಬೈಡ್ ಸ್ವಿಚ್ಚುಗಳಿವೆ, ಸೆಕೆಂಡಿಗೆ ಹತ್ತು ಸಾವಿರಕ್ಕೂ ಹೆಚ್ಚು ಸಲ ಆನ್-ಆಫ್ ಆಗುತ್ತವೆ. ಆದರೂ ಈ ಮೋಟಾರು ಗುಯ್‌ಗುಡುತ್ತದೆ, ಟಾರ್ಕ್ (ತಿರುಗಿಸುವ ಬಲ) ಏರಿಳಿಯುತ್ತದೆ. ಹಲ್ಲುಗಳ ಆಕಾರವನ್ನೂ ಕರೆಂಟಿನ ಅಲೆಯನ್ನೂ ಒಟ್ಟಿಗೆ ತಿದ್ದಿದರೆ ಮಾತ್ರ ಇದು ಹದಕ್ಕೆ ಬರುತ್ತದೆ.

ತೊಡಕಿರುವುದು ಇಲ್ಲೇ. ಎಷ್ಟೋ ಕಡೆ ಮೋಟಾರು ಕಟ್ಟುವವರು ಒಂದು ಕೋಣೆಯಲ್ಲಿ, ಅದನ್ನು ನಿಯಂತ್ರಿಸುವವರು ಇನ್ನೊಂದರಲ್ಲಿ. ಮೋಟಾರು ತಯಾರಾದ ಮೇಲೆ 'ಇದನ್ನು ಸುಮ್ನೆ ತಿರುಗಿಸಿ ಕೊಡಿ' ಎಂದು ಎರಡನೆಯವರ ಕೈಗೆ ಬರುತ್ತದೆ. ಅಷ್ಟು ಹೊತ್ತಿಗೆ ಹಲ್ಲಿನ ಆಕಾರ ಬದಲಿಸಲು ಆಗುವುದಿಲ್ಲ. ಸಂಶೋಧನೆಗೆ ಹಣ ಕೊಡುವವರು ಎರಡೂ ತಂಡಗಳನ್ನು ಮೊದಲ ದಿನದಿಂದಲೇ ಒಂದೇ ಯೋಜನೆಯಲ್ಲಿ ಕೂರಿಸಬೇಕು.

ಪತ್ರಿಕೆಗೂ ಒಂದು ಕೋರಿಕೆ. ಯಾರಾದರೂ 'ನಮ್ಮ ಹೊಸ ಮೋಟಾರಿನ ದಕ್ಷತೆ ಶೇ 97' ಎಂದರೆ ಹಾಗೇ ಅಚ್ಚು ಮಾಡಬೇಡಿ. ಅದು ಸಾಮಾನ್ಯವಾಗಿ ಒಂದು ವೇಗ, ಒಂದು ಭಾರದಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿ. ನಿಂತು ಹೊರಡುವಾಗ, ತೆವಳುವಾಗ, ಹೆದ್ದಾರಿಯಲ್ಲಿ ಹಗುರಾಗಿ ಓಡುವಾಗ ಎಷ್ಟು ಎಂದು ಕೇಳಿ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದಂತೆ ಬದಲಿಸುವ ಇನ್ವರ್ಟರ್‌ನಲ್ಲಿ ಆಗುವ ನಷ್ಟ ಸೇರಿಸಿದ್ದೀರಾ ಎಂದೂ ಕೇಳಿ.

ಇಂತಿ,
ನಿಮ್ಮ ಓದುಗ