ಅಪ್ಪನ ಬಿರುದು ಬೇಡ ಅಂದವರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹಾಕಿದ ಸವಾಲು ನೆನಪಿದೆಯಾ? "ಅಪ್ಪನಿಂದ ಬಂದ ಕುರ್ಚಿ ಬೇಡ ಅಂದ ಒಬ್ಬೇ ಒಬ್ಬ ರಾಜಕಾರಣಿಯನ್ನು ತೋರಿಸು, ಆಮೇಲೆ ಮಾತಾಡೋಣ" ಅಂದಿದ್ದೆ. ಆಗ ಬಾಯಿಗೆ ಹೆಸರು ಬರಲಿಲ್ಲ. ಫೋನ್ ಇಟ್ಟ ಹತ್ತು ನಿಮಿಷಕ್ಕೆ ಹೊಳೆಯಿತು. ಟೋನಿ ಬೆನ್! ಬ್ರಿಟನ್ನಿನ ಲೇಬರ್ ಪಕ್ಷದವರು. 1950ರಲ್ಲಿ ಪಾರ್ಲಿಮೆಂಟಿಗೆ ಕಾಲಿಟ್ಟವರು 2001ರವರೆಗೆ ಅಲ್ಲಿದ್ದರು. ನಡುವೆ ಎರಡು ಸಲ ಹೊರಗೆ ಕೂರಬೇಕಾಯಿತು. ಒಂದು ಸಲ ಸೋತು, ಇನ್ನೊಂದು ಸಲ ಗೆದ್ದೂ. ಗೆದ್ದೂ ಹೊರಗೆ ಕೂತ ಕಥೆಯೇ ನಿನ್ನ ಸವಾಲಿಗೆ ಉತ್ತರ.

ಅಪ್ಪ ವಿಲಿಯಂ ವೆಜ್‌ವುಡ್ ಬೆನ್ ಕೂಡ ರಾಜಕಾರಣಿಯೇ. 1929ರಿಂದ 1931ರವರೆಗೆ ಲಂಡನ್ನಿನಲ್ಲಿ ಕೂತು ನಮ್ಮ ದೇಶದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಂತ್ರಿ ಅವರು. ಉಪ್ಪಿನ ಸತ್ಯಾಗ್ರಹ ನಡೆದದ್ದು ಆಗಲೇ. ಗಾಂಧೀಜಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಆರು ವರ್ಷದ ಟೋನಿ ಗಾಂಧೀಜಿಯನ್ನು ಹತ್ತಿರದಿಂದ ನೋಡಿದ್ದರಂತೆ. 1942ರಲ್ಲಿ ಅಪ್ಪನಿಗೆ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಎಂಬ ಬಿರುದು ಕೊಟ್ಟು ಮೇಲ್ಮನೆಗೆ, ಅಂದರೆ ಹೌಸ್ ಆಫ್ ಲಾರ್ಡ್ಸ್‌ಗೆ ಕಳಿಸಿದರು. ಅಪ್ಪನ ನಂತರ ಅದು ಹಿರಿಮಗನಿಗೆ ಹೋಗಬೇಕು. ಹಿರಿಮಗ ಮೈಕಲ್‌ಗೆ ಪಾದ್ರಿಯಾಗುವ ಆಸೆ ಇತ್ತು. ಬಿರುದು ಬಂದರೂ ಅವರಿಗೇನೂ ತೊಂದರೆ ಇರಲಿಲ್ಲ. ಆದರೆ ವಾಯುಪಡೆಯಲ್ಲಿದ್ದ ಮೈಕಲ್ 1944ರಲ್ಲಿ ತೀರಿಕೊಂಡರು. ಅಣ್ಣ ಹೋದ, ಅವನ ಪಾಲಿನ ಬಿರುದು ತಮ್ಮನ ಕೊರಳಿಗೆ ಬಿತ್ತು.

ಟೋನಿ ಗೆದ್ದದ್ದು ಬ್ರಿಸ್ಟಲ್ ಸೌತ್ ಈಸ್ಟ್ ಕ್ಷೇತ್ರದಿಂದ. ಶಾಲೆಯಲ್ಲಿ ಕ್ರಿಪ್ಸ್ ಆಯೋಗ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಆ ಸ್ಟಾಫರ್ಡ್ ಕ್ರಿಪ್ಸ್ ಬಿಟ್ಟುಕೊಟ್ಟ ಸೀಟು ಅದು. ಹತ್ತು ವರ್ಷ ಆರಾಮಾಗಿ ನಡೆಯಿತು. 1960ರ ನವೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಆ ಗಳಿಗೆಯಿಂದ ಮಗ ಲಾರ್ಡ್. ಲಾರ್ಡ್ ಆದವರು ಕೆಳಮನೆಯಲ್ಲಿ, ಅಂದರೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಕೂರುವಂತಿಲ್ಲ. ನನಗೆ ಬೇಡ ಅನ್ನೋಣ ಅಂದರೆ ಹಾಗನ್ನುವುದಕ್ಕೆ ಕಾನೂನೇ ಇಲ್ಲ! ಮಕ್ಕಳಿಗೆ ಕುರ್ಚಿ ಕೊಡಿಸಲು ಒದ್ದಾಡುವವರನ್ನೇ ನಾವು ನೋಡಿದ್ದು. ಇವರು ಬಡ್ತಿ ಬೇಡ, ಜನ ಕೊಟ್ಟ ಜಾಗ ಸಾಕು ಅಂತ ಒದ್ದಾಡಿದರು.

1961ರ ಮೇ ತಿಂಗಳಲ್ಲಿ ಉಪಚುನಾವಣೆ ಬಂತು. ಬೆನ್ ಮತ್ತೆ ನಿಂತರು. 13 ಸಾವಿರ ಮತಗಳ ಅಂತರದಿಂದ ಗೆದ್ದರು. ಸದನಕ್ಕೆ ಹೋದರೆ ಒಳಗೆ ಬಿಡಬೇಡಿ ಅಂತ ಬಾಗಿಲು ಕಾಯುವವರಿಗೆ ಮೊದಲೇ ಆದೇಶವಾಗಿತ್ತು. ಕೊನೆಗೆ ಚುನಾವಣಾ ನ್ಯಾಯಾಲಯ ಸೋತ ಕನ್ಸರ್ವೇಟಿವ್ ಅಭ್ಯರ್ಥಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ ಸೀಟು ಕೊಟ್ಟಿತು. ತಮಾಷೆ ಏನು ಗೊತ್ತಾ? ಆ ಸೇಂಟ್ ಕ್ಲೇರ್ ಕೂಡ ಒಂದು ಲಾರ್ಡ್ ಬಿರುದಿಗೆ ವಾರಸುದಾರ!

ಹೊರಗಿದ್ದಾಗ ಸುಮ್ನೆ ಕೂತಿರಲಿಲ್ಲ. 1963ರಲ್ಲಿ ಬ್ರಿಸ್ಟಲ್ ಬಸ್ ಕಂಪನಿ ಕಪ್ಪು ಜನರನ್ನೂ ಏಷ್ಯಾದವರನ್ನೂ ಬಸ್ಸಿನ ಕೆಲಸಕ್ಕೆ ತಗೊಳ್ಳುವುದಿಲ್ಲ ಅಂದಾಗ ಜನ ಬಸ್ ಹತ್ತುವುದನ್ನೇ ಬಿಟ್ಟರು. ಬೆನ್ ಆ ಜನರ ಬೆನ್ನಿಗೆ ನಿಂತರು. ಕಂಪನಿ ಬಗ್ಗಿತು. ಆ ಸೆಪ್ಟೆಂಬರ್‌ನಲ್ಲಿ ಬಿಳಿಯರಲ್ಲದ ಮೊದಲ ಕಂಡಕ್ಟರ್ ಆಗಿ ಬಂದವರು ರಘುಬೀರ್ ಸಿಂಗ್, ಒಬ್ಬ ಸಿಖ್ಖರು.

ಅದೇ ವರ್ಷ ಜುಲೈ 31ರ ಸಂಜೆ, ಬಿರುದು ಬಿಡಲು ಅವಕಾಶ ಕೊಡುವ ಕಾನೂನಿಗೆ ಒಪ್ಪಿಗೆ ಸಿಕ್ಕಿತು. 6.22ಕ್ಕೆ ಬೆನ್ ತಮ್ಮದನ್ನು ಕಳಚಿಟ್ಟರು. ಅವರೇ ಮೊದಲಿಗರು. ಸೇಂಟ್ ಕ್ಲೇರ್ ಕೊಟ್ಟ ಮಾತಿನಂತೆ ರಾಜೀನಾಮೆ ಕೊಟ್ಟರು, ಅವರ ದೊಡ್ಡತನವನ್ನೂ ಹೇಳಲೇಬೇಕು. ಆಗಸ್ಟ್‌ನಲ್ಲಿ ಬೆನ್ ವಾಪಸ್. ಆದರೆ ಈ ಬಾಗಿಲಿನಿಂದ ಜಾಸ್ತಿ ಲಾಭವಾದದ್ದು ಯಾರಿಗೆ? ಎದುರು ಪಕ್ಷದ ಲಾರ್ಡ್ ಹ್ಯೂಮ್‌ಗೆ. ಅವರು ಅಕ್ಟೋಬರ್‌ನಲ್ಲೇ ಪ್ರಧಾನಿಯಾಗಿ ಕೂತು, ನಾಲ್ಕೇ ದಿನದಲ್ಲಿ ಬಿರುದು ಬಿಟ್ಟರು.

ಮುಂದೆ ಅಂಚೆ, ತಂತ್ರಜ್ಞಾನ, ಕೈಗಾರಿಕೆ, ಇಂಧನ ಅಂತ ಖಾತೆಗಳು ಬಂದವು, ಹೋದವು. ಅಂಚೆ ಮಂತ್ರಿಯಾಗಿದ್ದಾಗ ರಾಣಿಯ ತಲೆ ಇಲ್ಲದ ಸ್ಟಾಂಪ್ ತರಬೇಕೆಂದು ಹೊರಟು, ಅರಮನೆಯಲ್ಲಿ ರಾಣಿಯ ಎದುರೇ ನೆಲದ ಮೇಲೆ ನಮೂನೆಗಳನ್ನು ಹರವಿದ್ದರು. ತಲೆ ಹೋಗಲಿಲ್ಲ, ಆದರೆ ಚಿಕ್ಕದಾಗಿ ಮೂಲೆಗೆ ಸರಿಯಿತು.

ಇವರನ್ನು ನಾನು ಪೂಜೆ ಮಾಡುತ್ತೇನೆ ಅಂದುಕೊಳ್ಳಬೇಡ. 1981ರಲ್ಲಿ ಪಕ್ಷದ ಉಪನಾಯಕ ಸ್ಥಾನಕ್ಕೆ ಡೆನಿಸ್ ಹೀಲಿ ಎದುರು ನಿಂತು, ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ಪಕ್ಷ ಆಗಲೇ ಒಡೆದಿತ್ತು, ಇವರ ಹಟ ಆ ಗಾಯಕ್ಕೆ ಉಪ್ಪು ಸವರಿತು. ನನಗೆ ಓಟಿದ್ದಿದ್ದರೆ ಹೀಲಿಗೇ ಹಾಕುತ್ತಿದ್ದೆ. 1983ರಲ್ಲಿ ಲೇಬರ್ ಮಣ್ಣು ಮುಕ್ಕಿತು, ಬೆನ್ ಕೂಡ ಬ್ರಿಸ್ಟಲ್‌ನಲ್ಲಿ ಸೋತರು. ಮರುವರ್ಷ ಗಣಿ ಕಾರ್ಮಿಕರ ಊರು ಚೆಸ್ಟರ್‌ಫೀಲ್ಡ್ ಅವರನ್ನು ಗೆಲ್ಲಿಸಿ ಕಳಿಸಿತು.

2001ರಲ್ಲಿ ಪಾರ್ಲಿಮೆಂಟ್ ಬಿಡುವಾಗ, ರಾಜಕೀಯಕ್ಕೆ ಇನ್ನೂ ಸಮಯ ಬೇಕು, ಅದಕ್ಕೇ ಹೊರಡುತ್ತಿದ್ದೇನೆ ಅಂದರು. ಮಾತು ಹೆಂಡತಿ ಕ್ಯಾರೊಲಿನ್ ಹೇಳಿಕೊಟ್ಟದ್ದು. ಆಕೆ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

ಈಗ ನೀನು ನಗುವ ವಿಷಯ. ಬೆನ್ ಬಿಟ್ಟದ್ದು ತಮ್ಮ ಜೀವಮಾನದ ಮಟ್ಟಿಗೆ ಮಾತ್ರ. 2014ರ ಮಾರ್ಚ್ 14ರಂದು ಅವರು ತೀರಿಕೊಂಡ ಕೂಡಲೇ ಬಿರುದು ಎದ್ದು ಬಂದು ಹಿರಿಮಗ ಸ್ಟೀಫನ್ ಹೆಸರಿಗೆ ಅಂಟಿಕೊಂಡಿತು. 2021ರಲ್ಲಿ ಅವರು ಹೌಸ್ ಆಫ್ ಲಾರ್ಡ್ಸ್‌ಗೂ ಹೋದರು. ಇನ್ನೊಬ್ಬ ಮಗ ಹಿಲರಿ ಚುನಾವಣೆ ಗೆದ್ದು ಕೆಳಮನೆಯಲ್ಲಿದ್ದಾರೆ. ಅಲ್ಲಿಗೆ ನಿನ್ನ ವಾದಕ್ಕೂ ಅರ್ಧ ಮಾರ್ಕ್ಸ್ ಬಂತು, ಅಲ್ವಾ?

ಒಂದು ಸಂಗತಿ ಉಳಿಯಿತು. ಪಾರ್ಲಿಮೆಂಟ್ ಕಟ್ಟಡದ ಒಳಗೆ ಸೇಂಟ್ ಮೇರಿ ಹೆಸರಿನ ಪ್ರಾರ್ಥನಾ ಮಂದಿರವಿದೆ. ಅಲ್ಲಿ ಪೊರಕೆ ಇಡುವ ಒಂದು ಸಣ್ಣ ಗೂಡು. 1911ರ ಜನಗಣತಿಯ ರಾತ್ರಿ, ಹೆಂಗಸರ ಓಟಿನ ಹಕ್ಕಿಗೆ ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಅದರಲ್ಲಿ ಅಡಗಿ ಕೂತಿದ್ದರು. ಓಟಿನ ಹಕ್ಕಿಲ್ಲದ ಹೆಣ್ಣುಮಗಳು, ಲೆಕ್ಕದಲ್ಲಿ ತನ್ನ ವಿಳಾಸ ಹೌಸ್ ಆಫ್ ಕಾಮನ್ಸ್ ಅಂತ ಬರೆಸಬೇಕು ಅಂತ! ಆ ಗೂಡಿನ ಬಾಗಿಲಿಗೆ ಬೆನ್ ಒಂದು ಫಲಕ ಮಾಡಿಸಿ, ತಾವೇ ಸ್ಕ್ರೂ ತಿರುಗಿಸಿ ಕೂರಿಸಿದ್ದರು. ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಅವರ ಶವಪೆಟ್ಟಿಗೆ ಇಟ್ಟದ್ದು ಅದೇ ಮಂದಿರದಲ್ಲಿ.

ಮನೆಯವರನ್ನೆಲ್ಲ ಕೇಳಿದೆ ಅಂತ ಹೇಳು. ಮುಂದಿನ ಸವಾಲು ಬೇಗ ಕಳಿಸು.

ನಿನ್ನ ಗೆಳೆಯ