ರೂತ್‌ಗೆ, ಶುಭಶುಕ್ರವಾರದ ಪ್ರಸಂಗಕ್ಕೆ ಮುಂಚೆ

ಪ್ರೀತಿಯ ರೂತ್,

ಕರ್ತನಲ್ಲಿ ವಂದನೆ. ನೀನು ಕಳಿಸಿದ ಪ್ರಸಂಗವನ್ನು ಎರಡು ಸಲ ಓದಿದೆ. ಶಿಲುಬೆಯ ಹತ್ತಿರ ನಿಂತ ತಾಯಿಯ ಬಗ್ಗೆ ಎರಡನೆಯ ಪುಟದಲ್ಲಿ ಬರೆದಿದ್ದೀಯಲ್ಲ, ಓದಿ ಕಣ್ಣು ಒದ್ದೆಯಾಯಿತು. ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ಆದರೆ ಪುಟ ತಿರುಗಿಸಿದರೆ ‘ಯೆಹೂದ್ಯರು ಆತನನ್ನು ಕೊಂದರು’ ಅಂತಿದೆ. ಅಲ್ಲಿ ತಡವರಿಸಿದೆ.

ಬೈಯೋಕೆ ಬರೆಯುತ್ತಿಲ್ಲ ಮಗಳೇ. ನಾನೂ ಇಂಥದ್ದನ್ನು ಹೇಳಿದವನೇ. ಒಂದು ಭಾನುವಾರ ಒಳ್ಳೆಯ ಸಮಾರ್ಯದವನ ಸಾಮ್ಯದ ಮೇಲೆ ಮಾತಾಡಿದೆ. ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ನೋಡಿಯೂ ಯಾಕೆ ದಾಟಿ ಹೋದರು? ‘ಮೈಲಿಗೆಯಾದೀತು ಅಂತ! ಅವರ ಧರ್ಮಶಾಸ್ತ್ರ ಅಷ್ಟು ಕಲ್ಲೆದೆಯದು!’ ಅಂದೆ. ದನಿ ಬೇರೆ ಏರಿಸಿದ್ದೆ.

ಆರಾಧನೆ ಮುಗಿದ ಮೇಲೆ ಒಬ್ಬರು ಹೆಂಗಸು ಬಾಗಿಲ ಹತ್ತಿರ ಕಾದಿದ್ದರು. ಸಭೆಯವರೊಬ್ಬರ ಜೊತೆ ಬಂದ ಅತಿಥಿ, ಯೆಹೂದ್ಯರು. ನನ್ನ ಬೈಬಲನ್ನೇ ಈಸಿಕೊಂಡು, ಲೂಕನ 10ನೇ ಅಧ್ಯಾಯ ತೆಗೆದು, ‘ಮೈಲಿಗೆ ಅನ್ನೋ ಮಾತು ಎಲ್ಲಿದೆ, ತೋರಿಸಿ’ ಅಂದರು. ಬೆರಳಿಟ್ಟು ಹುಡುಕಿದೆ. ಎಲ್ಲೂ ಇಲ್ಲ. ಆ ಯಾಜಕ ಯೆರೂಸಲೇಮಿನಿಂದ ಯೆರಿಕೋವಿಗೆ ದಾರಿ ಇಳಿದು ಹೋಗುತ್ತಿದ್ದ. ಅಂದರೆ ಯೆರೂಸಲೇಮಿಗೆ ಬೆನ್ನು ಹಾಕಿದ್ದ, ದೇವಾಲಯದ ಸೇವೆಗೆ ಹೊರಟವನೇ ಅಲ್ಲ. ದಿಕ್ಕಿಲ್ಲದ ಹೆಣ ಕಂಡರೆ ಮಹಾಯಾಜಕನೂ ಮೈಲಿಗೆ ನೋಡದೆ ಮಣ್ಣು ಮಾಡಬೇಕು ಅಂತ ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿದೆ ಅಂದರು. ಜೀವ ಉಳಿಸೋಕೆ ಕೆಲಸ ಮಾಡಬಾರದ ವಿಶ್ರಾಂತಿದಿನ ಸಬ್ಬತ್ತನ್ನೂ ಮೀರಬಹುದಂತೆ. ಆಮೇಲೆ ಹುಡುಕಿ ಓದಿದೆ. ಅವರು ಹೇಳಿದ್ದು ಸರಿ.

ಅವರು ಹೋಗುವಾಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಯೇಸುವೇ ಮೆಸ್ಸೀಯ ಅಂದಿರಿ, ಅದಕ್ಕೆ ಬೇಜಾರಿಲ್ಲ. ಅದನ್ನು ಕೇಳಬೇಕಾಗುತ್ತೆ ಅಂತ ಗೊತ್ತಿದ್ದೇ ಬಂದೆ. ನಮ್ಮಜ್ಜಿ ಕಲಿಸಿದ ಧರ್ಮವನ್ನು ಕಲ್ಲು ಅಂದಿರಲ್ಲ, ಅದು ನೋವಾಯಿತು.’

ನಂಬಿಕೆಯಲ್ಲಿ ವ್ಯತ್ಯಾಸ ಇದೆ ಅಂತ ನೇರವಾಗಿ ಹೇಳಿದರೆ ಯಾರೂ ನೊಂದುಕೊಳ್ಳಲ್ಲ. ಯೇಸು ಬೆಳಗಲಿ ಅಂತ ಸುತ್ತಲಿದ್ದವರ ಮುಖಕ್ಕೆ ಮಸಿ ಬಳಿಯುತ್ತೇವೆ ನೋಡು, ನೋವು ಅಲ್ಲಿ. ‘ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು’ ಅನ್ನೋದನ್ನ ಹೊಸ ಒಡಂಬಡಿಕೆಯಲ್ಲೇ ಹುಟ್ಟಿದ ಮಾತು ಅನ್ನುವ ಹಾಗೆ ಸಾರುತ್ತೇವೆ. ಅದು ಹಳೆಯ ಒಡಂಬಡಿಕೆಯ ಯಾಜಕಕಾಂಡ 19:18. ಮಾರ್ಕನ 12ನೇ ಅಧ್ಯಾಯದಲ್ಲಿ ಒಬ್ಬ ಯೆಹೂದ್ಯ ಶಾಸ್ತ್ರಿ ಆ ಮಾತಿಗೆ ತಲೆದೂಗುತ್ತಾನೆ, ಯೇಸು ಅವನನ್ನು ಮೆಚ್ಚಿಕೊಳ್ಳುತ್ತಾನೆ. ಹೆರೋದ ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು ಅಂತ ಯೇಸುವಿಗೆ ಬಂದು ಹೇಳಿದ್ದು ಕೆಲವರು ಫರಿಸಾಯರೇ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರು. ನಾವು ಮಾತ್ರ ಕಪಟಿ ಅನ್ನೋದಕ್ಕೆ ಇನ್ನೊಂದು ಹೆಸರು ಅನ್ನುವ ಹಾಗೆ ಸುಮ್ನೆ ‘ಫರಿಸಾಯ’ ಅಂದುಬಿಡುತ್ತೇವೆ.

ಇದು ಬರೀ ಮರ್ಯಾದೆಯ ವಿಷಯ ಅಂದುಕೊಳ್ಳಬೇಡ. ಅಂತಿಯೋಕ್ಯದಲ್ಲಿ ಹೆಸರಾಂತ ಪ್ರಸಂಗಿ ಯೋಹಾನ ಕ್ರಿಸೊಸ್ತೊಮ 386–387ರಲ್ಲಿ ಕೊಟ್ಟ ಪ್ರಸಂಗಗಳಲ್ಲಿ ಯೆಹೂದ್ಯರ ಸಭಾಮಂದಿರಗಳ ಮೇಲೆ ಎಂಥ ಬೈಗುಳ! ಜರ್ಮನಿಯ ಸುಧಾರಕ ಲೂಥರ್ 1543ರಲ್ಲಿ ಸಭಾಮಂದಿರಗಳನ್ನು ಸುಟ್ಟುಹಾಕಿ ಅಂತಲೇ ಬರೆದ. ಯೂರೋಪಿನಲ್ಲಿ ಪವಿತ್ರ ವಾರ ಬಂತೆಂದರೆ ಯೆಹೂದ್ಯರು ಬಾಗಿಲು ಹಾಕಿಕೊಂಡು ಕೂರಬೇಕಾಗಿದ್ದ ಕಾಲವಿತ್ತು. ಯೇಸುವಿನ ಮರಣದ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ ಈಗಿನವರ ಮೇಲಾಗಲಿ ಹೊರಿಸುವಂತಿಲ್ಲ ಅಂತ ಕಥೋಲಿಕ ಸಭೆ ಹೇಳಿದ್ದು 1965ರ ಅಕ್ಟೋಬರ್ 28ರಂದು. ಲೂಥರನ ಆ ಮಾತುಗಳನ್ನು ಅಮೆರಿಕದ ಲೂಥರನ್ ಸಭೆ 1994ರಲ್ಲಿ ತಳ್ಳಿಹಾಕಿತು. ತಡ ಆಯಿತು, ತುಂಬಾನೇ.

ಈಗ ನಿನ್ನ ಮೂರನೆಯ ಪುಟ. ಶಿಲುಬೆ ರೋಮನ್ನರ ಶಿಕ್ಷೆ. ಅಪ್ಪಣೆ ಕೊಟ್ಟವನು ರೋಮನ್ ಅಧಿಪತಿ ಪಿಲಾತ, ಶಿಲುಬೆಗೆ ಹಾಕಿದವರು ಅವನ ಸಿಪಾಯಿಗಳು. ಯಾಜಕರ ಮುಖಂಡರು ಹಿಡಿದುಕೊಟ್ಟದ್ದನ್ನು ಮುಚ್ಚಿಡಬೇಕಿಲ್ಲ, ಹೇಳು. ಆದರೆ ‘ಮುಖಂಡರು’ ಅನ್ನು, ‘ಯೆಹೂದ್ಯರು’ ಅನ್ನಬೇಡ. ಯೋಹಾನನ ಸುವಾರ್ತೆಯಲ್ಲಿ ಆ ಪದ ಪದೇ ಪದೇ ಬರುತ್ತದೆ. ಓದುವಾಗ ಇದ್ದ ಹಾಗೇ ಓದು. ಆಮೇಲೆ ನಿಂತು, ಅಲ್ಲಿ ಯಾರ ಮಾತು ನಡೆದಿದೆ ಅಂತ ಎರಡು ವಾಕ್ಯದಲ್ಲಿ ಬಿಡಿಸಿ ಹೇಳು. ಆತನ ಹಿಂದೆ ಎದೆ ಬಡಿದುಕೊಂಡು ಅಳುತ್ತಾ ಹೋದ ಹೆಂಗಸರೂ ಯೆಹೂದ್ಯರೇ ಅಲ್ವಾ? ನೀನು ಎರಡನೆಯ ಪುಟದಲ್ಲಿ ನಿಲ್ಲಿಸಿದ ಆ ತಾಯಿ?

ತಿದ್ದಿದ ಮೇಲೆ ಆ ಒಂದು ಪುಟ ಮಾತ್ರ ಕಳಿಸು. ಅಕ್ಷರ ಸ್ವಲ್ಪ ದಪ್ಪ ಇರಲಿ, ಈಗೀಗ ಕನ್ನಡಕ ಹಾಕಿದರೂ ಮಂಜು ಮಂಜು.

ಇಂತಿ ನಿನ್ನ
ದೊಡ್ಡಪ್ಪ