ಸಚಿವರೇ, ನಾನು ಐರ್ಲೆಂಡಿಗೆ ಹೊರಟಿದ್ದೇನೆ, ನನ್ನ ಫೈಲ್ ಮಾತ್ರ ಕಾಲೇಜು ಬಿಟ್ಟು ಹೊರಟಿಲ್ಲ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ನಮಸ್ಕಾರ.

ಸರ್, ನಾನು ಹಾಸನ ಜಿಲ್ಲೆಯವಳು. ಬಿ.ಎಸ್ಸಿ ನರ್ಸಿಂಗ್ ಓದಿದ್ದು ನಮ್ಮ ರಾಜ್ಯದಲ್ಲೇ. ಆರು ವರ್ಷದಿಂದ ರಿಯಾದ್‌ನಲ್ಲಿ ಐಸಿಯು ನರ್ಸ್. ಈಗ ಐರ್ಲೆಂಡಿಗೆ ಹೋಗಲು ಓಡಾಡುತ್ತಿದ್ದೇನೆ.

ಲೈಸೆನ್ಸ್ ವರ್ಗಾವಣೆ ಅಂದ್ರೆ ಗ್ಯಾಸ್ ಕನೆಕ್ಷನ್ ಬೇರೆ ಊರಿಗೆ ಬದಲಾಯಿಸಿಕೊಂಡ ಹಾಗೆ ಅಂತ ನಮ್ಮ ಮನೆಯವರು ಅಂದುಕೊಂಡಿದ್ದರು. ಹಾಗಲ್ಲ. ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಬಿಐ ನಮ್ಮ ಓದನ್ನು ಮೊದಲಿಂದ ತೂಗಿ ನೋಡುತ್ತದೆ. ಹಾಗೆ ತೂಗಿ ಅವರು ಕಳಿಸುವ ತೀರ್ಮಾನದ ಪತ್ರ, ಡಿಸಿಷನ್ ಲೆಟರ್, ಬಂದ ಮೇಲೂ ಡಬ್ಲಿನ್‌ನಲ್ಲಿ ಆಪ್ಟಿಟ್ಯೂಡ್ ಟೆಸ್ಟ್ ಬರೆಯಬೇಕು, ಇಲ್ಲಾಂದ್ರೆ ಅಲ್ಲಿನ ಆಸ್ಪತ್ರೆಯಲ್ಲಿ ಅಡಾಪ್ಟೇಷನ್ ಅಂತ ಕೆಲವು ವಾರ ಅವರ ಕಣ್ಣೆದುರೇ ಕೆಲಸ ಮಾಡಿ ತೋರಿಸಬೇಕು. ಅದಕ್ಕೆ ನನ್ನ ತಕರಾರಿಲ್ಲ, ರೋಗಿಯ ಜೀವದ ವಿಷಯ ಅಲ್ವಾ.

ತಕರಾರು ಇರೋದು ನಮ್ಮ ಕಡೆಯ ಕಾಗದದ ಬಗ್ಗೆ. ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡ್ ಡ್ಯೂಟಿ ಅಂತ ತೋರಿಸುವ ಟ್ರಾನ್ಸ್‌ಕ್ರಿಪ್ಟನ್ನು ಕಾಲೇಜೇ ತುಂಬಿ, ಸೀಲ್ ಹಾಕಿ, ನೇರವಾಗಿ ಎನ್‌ಎಂಬಿಐಗೆ ಕಳಿಸಬೇಕು. ನನ್ನ ಕೈಯಿಂದ ಹೋದರೆ ನಡೆಯೋದಿಲ್ಲ. ನರ್ಸ್ ಆಗಿ ನನ್ನ ಮೇಲೆ ಯಾವ ದೂರೂ ಇಲ್ಲ ಅನ್ನುವ ಸೌದಿಯ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟಿಗೆ ರಾತ್ರಿ ಡ್ಯೂಟಿ ಮುಗಿಸಿ ಬಂದು ಮೊಬೈಲಿನಲ್ಲೇ ಅರ್ಜಿ ಹಾಕಿದೆ, ಯಾರ ಮುಖವನ್ನೂ ನೋಡದೆ ಕೆಲಸ ಆಯಿತು. ಆದರೆ ನನ್ನ ಕಾಲೇಜಿಗೆ (ಹೆಸರು ಬೇಡ ಬಿಡಿ) 67 ವರ್ಷದ ಅಪ್ಪ ಬೆಳಿಗ್ಗೆ 5 ಗಂಟೆ ಬಸ್ಸಿಗೆ ನಾಲ್ಕು ಸಲ ಹೋಗಿ ಬಂದಿದ್ದಾರೆ. ಮೊದಲ ಸಲ ಪ್ರಿನ್ಸಿಪಾಲರು ರಜೆ. ಎರಡನೇ ಸಲ ನಮ್ಮ ಬ್ಯಾಚಿನ ರಿಜಿಸ್ಟರ್ ಯಾವ ಬೀರುವಿನಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಮೂರನೇ ಸಲ ತುಂಬಿ ಕಳಿಸಿದರು, ಮಕ್ಕಳ ವಾರ್ಡಿನ ಗಂಟೆಗಳ ಜಾಗ ಖಾಲಿ ಬಿಟ್ಟು. ಅದು ಸುಮ್ನೆ ವಾಪಸ್ ಬಂತು. ನಾಲ್ಕನೇ ಸಲ ಅಪ್ಪ ಅಲ್ಲಿಂದಲೇ ಫೋನ್ ಮಾಡಿದರು: "ಮಗಳೇ, ಎಲ್ಲಾ ಬರೆದಾಗಿದೆ, ಇಂಕ್ ಪ್ಯಾಡ್ ಒಣಗಿದೆಯಂತೆ."

ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕಕ್ಕೆ ಎರಡೇ ವರ್ಷ ಆಯುಸ್ಸು ಸರ್. ನನ್ನದಕ್ಕೆ ಇನ್ನು ಐದು ತಿಂಗಳಿದೆ.

ಜಾತಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿದರೆ ಸರ್ಕಾರದ 'ಸಕಾಲ' ಯೋಜನೆಯಲ್ಲಿ 15 ಅಂಕಿಯ ನಂಬರ್ ಸಿಗುತ್ತದೆ, ಇಂಥ ದಿನದೊಳಗೆ ಅಂತ ಗಡುವು ಇರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ದುಡ್ಡು ಜಾಸ್ತಿ ಏನಲ್ಲ, ಆದರೆ ಫೈಲ್ ಎಲ್ಲಿದೆ ಅಂತಾದರೂ ಗೊತ್ತಾಗುತ್ತದೆ. ನಮ್ಮ ಟ್ರಾನ್ಸ್‌ಕ್ರಿಪ್ಟಿಗೂ ಅಂಥದ್ದೊಂದು ನಂಬರ್, ಒಂದು ಗಡುವು ಕೊಡಿಸಿ. ಖಾಸಗಿ ಕಾಲೇಜಿಗೆ ಇದೆಲ್ಲ ಹೇಗೆ ಸಾಧ್ಯ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಮಾನ್ಯತೆ ಮುಂದುವರಿಸುವಾಗ ಇದನ್ನೂ ಒಂದು ಷರತ್ತು ಮಾಡಿದರೆ ಆಯಿತು.

ನರ್ಸ್‌ಗಳೆಲ್ಲ ಹೊರಗೆ ಹೋದರೆ ಇಲ್ಲಿ ಯಾರು ಅನ್ನೋ ಮಾತೂ ಬರುತ್ತದೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಸಂಬಳ ಹೆಚ್ಚಿಸಿ, ಒಬ್ಬ ನರ್ಸಿಗೆ ಇಷ್ಟೇ ರೋಗಿ ಅಂತ ಮಾಡಿ. ಫೈಲ್ ಹಿಡಿದಿಟ್ಟರೆ ನಾನು ಹಾಸನಕ್ಕೆ ವಾಪಸ್ ಬರೋದಿಲ್ಲ, ರಿಯಾದ್‌ನಲ್ಲೇ ಇರುತ್ತೇನೆ ಅಷ್ಟೇ.

ನನ್ನ ರೂಮ್‌ಮೇಟ್ ಕೊಟ್ಟಾಯಂನವಳು. ಕೇರಳ ಸರ್ಕಾರ ಹೊರಗೆ ದುಡಿಯುವ ತನ್ನ ಜನರಿಗಾಗಿ ಇರುವ ನೋರ್ಕಾ ರೂಟ್ಸ್ ಸಂಸ್ಥೆಯ ಮೂಲಕ ನರ್ಸ್‌ಗಳಿಗೆ ಭಾಷೆ ಕಲಿಸಿ, ಜರ್ಮನಿಯ ಜೊತೆ ಒಪ್ಪಂದ ಮಾಡಿಕೊಂಡು ಕಳಿಸುತ್ತಿದೆ. ಆದರೂ ಇವಳ ಫೈಲ್ ನಿಂತಿದೆ. ಯಾಕೆಂದರೆ ಇವಳು ಓದಿದ್ದು ಮಂಗಳೂರಿನಲ್ಲಿ! ಅವರ ಊರಿನ ಸರ್ಕಾರ ಏನೇ ಮಾಡಿದರೂ ಸೀಲ್ ನಮ್ಮ ರಾಜ್ಯದಲ್ಲೇ ಬೀಳಬೇಕು.

ಸೋಮವಾರ ಅಪ್ಪ ಐದನೇ ಸಲ ಹೊರಟಿದ್ದಾರೆ. ಈ ಸಲ ಇಂಕ್ ಪ್ಯಾಡ್ ತಾವೇ ತಗೊಂಡಿದ್ದಾರೆ, ನೇರಳೆ ಬಣ್ಣದ್ದು.

ಇಂತಿ,
ರಿಯಾದ್‌ನಿಂದ ಒಬ್ಬ ನರ್ಸ್